ಇಲಿ ಬಿದ್ದ ಮನೆ

ನಮ್ಮಜ್ಜಿಯ ಬಾಯಲ್ಲಿ ಅದು ಪ್ಲೇಗ್ ಅಲ್ಲ, ‘ಪಿಳೇಗು’. ಅದು ಊರಿಗೆ ಕಾಲಿಟ್ಟ ಸುದ್ದಿ ತರುತ್ತಿದ್ದುದು ಇಲಿ. ಕತ್ತಲಲ್ಲಿ ಓಡಾಡಬೇಕಾದ ಇಲಿ ಹಾಡಹಗಲೇ ಅಟ್ಟದಿಂದ ಇಳಿದು, ಕುಡಿದವರ ಹಾಗೆ ತೂರಾಡುತ್ತಾ ನಡುಮನೆಗೆ ಬರುತ್ತಿತ್ತಂತೆ. ಪೊರಕೆ ಎತ್ತಿದರೂ ಓಡುತ್ತಿರಲಿಲ್ಲವಂತೆ. ಅಲ್ಲೇ ಒಂದು ಸುತ್ತು ಹಾಕಿ ಸತ್ತು ಬೀಳುತ್ತಿತ್ತು. ‘ಅವರ ಮನೇಲಿ ಇಲಿ ಬಿತ್ತು’ ಅನ್ನೋ ಮಾತು ಕೇರಿಯಲ್ಲಿ ಹರಡಿದರೆ ಸಾಕು, ಸಂಜೆಯೊಳಗೆ ಪಾತ್ರೆ ಪಡಗ, ಕಂಬಳಿ, ರಾಗಿ ಮೂಟೆ ಎಲ್ಲ ಗಾಡಿಗೇರುತ್ತಿದ್ದವು. ಊರಾಚೆ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಎರಡು ಮೂರು ತಿಂಗಳು ಸಂಸಾರ.

ಚಿಕ್ಕಂದಿನಲ್ಲಿ ಇದನ್ನು ಕೇಳುವಾಗ ‘ಪಾಪ, ಓದು ಬರಹ ಇಲ್ಲದ ಜನ, ಹೆದರಿ ಓಡುತ್ತಿದ್ದರು’ ಅಂದುಕೊಂಡಿದ್ದೆ. 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಕೂತು ಹಳೆಯ ಪ್ಲೇಗಿನ ಕಥೆ ಓದತೊಡಗಿದಾಗ ಅನ್ನಿಸಿದ್ದು ಬೇರೆ. ಇಲಿ ಬಿದ್ದ ಮನೆ ಬಿಟ್ಟು ಓಡಿದವರಿಗೆ ಅಂದಿನ ಸರ್ಕಾರಕ್ಕಿಂತ ಸ್ವಲ್ಪ ಜಾಸ್ತಿಯೇ ತಿಳಿದಿತ್ತು.

ಕಥೆ ಶುರುವಾಗುವುದು ಬಾಂಬೆಯಲ್ಲಿ. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗ್ ಬಡಿದಿತ್ತು. ಅಲ್ಲಿಗೆ ಓಡಿದ ವಿಜ್ಞಾನಿ ಅಲೆಕ್ಸಾಂಡ್ರ್ ಯೆರ್ಸಿನ್, ರೋಗಿಗಳ ತೊಡೆಸಂದಿನ ಗೆಡ್ಡೆಗಳಲ್ಲಿ ಬ್ಯಾಕ್ಟೀರಿಯಾ ಒಂದನ್ನು ಪತ್ತೆ ಹಚ್ಚಿದ್ದ. ಇವತ್ತು ಅದಕ್ಕೆ ಅವನದೇ ಹೆಸರು, ಯೆರ್ಸಿನಿಯಾ ಪೆಸ್ಟಿಸ್. ಎರಡು ವರ್ಷದ ನಂತರ, 1896ರ ಸೆಪ್ಟೆಂಬರ್‌ನಲ್ಲಿ, ಬಾಂಬೆ ಬಂದರಿನ ಪಕ್ಕದ ಮಾಂಡ್ವಿಯಲ್ಲಿ ಜನ ಜ್ವರ ಬಂದು ಸಾಯತೊಡಗಿದರು. ಮಾಂಡ್ವಿ ಅಂದರೆ ಧಾನ್ಯದ ಗೋದಾಮುಗಳ ಜಾಗ. ಕೆಳಗೆ ಮೂಟೆ, ಮೇಲೆ ಮನೆ. ಇಲಿಗಳಿಗೆ ಅದಕ್ಕಿಂತ ಸ್ವರ್ಗ ಬೇಕಾ?

ಅಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ಅಕಾಶಿಯೊ ವಿಯೆಗಾಸ್ ಇದು ಪ್ಲೇಗ್ ಅಂತ ಸೆಪ್ಟೆಂಬರ್ 23ರಂದು ಹೇಳಿಬಿಟ್ಟರು. ಸಂತೋಷಪಟ್ಟವರು ಯಾರೂ ಇಲ್ಲ. ವ್ಯಾಪಾರದ ಊರಿನಲ್ಲಿ ಆ ಹೆಸರು ಎತ್ತುವುದೇ ಅಪಶಕುನ. ಆದರೆ ಹೆಸರು ಬಚ್ಚಿಟ್ಟರೆ ರೋಗ ನಿಲ್ಲುತ್ತದೆಯೇ? ಬೇಗನೆ ಹೊರದೇಶದ ಬಂದರುಗಳು ಬಾಂಬೆಯ ಹಡಗುಗಳನ್ನು ಅನುಮಾನದಿಂದ ನೋಡತೊಡಗಿದವು. 1897ರ ಆರಂಭದಲ್ಲಿ ವೆನಿಸ್‌ನಲ್ಲಿ ಯೂರೋಪಿನ ದೇಶಗಳು ಇದಕ್ಕಾಗಿಯೇ ಸಭೆ ಸೇರಿದವು. ಭಾರತದ ಸರಕು ಬೇಡ ಅಂದುಬಿಟ್ಟರೆ? ಬ್ರಿಟಿಷ್ ಸರ್ಕಾರದ ಕೈಕಾಲು ನಡುಗಿದ್ದು ಆಗ. ಅಷ್ಟು ಕಠಿಣ ನಿಯಮಗಳು ಅಷ್ಟು ಬೇಗ ಬಂದಿದ್ದರ ಹಿಂದೆ ಜನರ ಪ್ರಾಣದ ಚಿಂತೆ ಎಷ್ಟಿತ್ತೋ, ರಫ್ತಿನ ಚಿಂತೆಯೂ ಅಷ್ಟೇ ಇತ್ತು.

ನಿಯಮಗಳು ಹೇಗಿದ್ದವು ನೋಡಿ. ಅಕ್ಟೋಬರ್ 6ರಂದು ಮುನಿಸಿಪಲ್ ಕಮಿಷನರ್ ಸ್ನೋ ಹೊರಡಿಸಿದ ಆಜ್ಞೆಯ ಪ್ರಕಾರ, ಕಾಯಿಲೆ ಬಿದ್ದವರನ್ನು ಬಲವಂತವಾಗಿ ಆಸ್ಪತ್ರೆಗೆ ಎಳೆದೊಯ್ಯಬಹುದಿತ್ತು. ಚರಂಡಿಗಳಿಗೆ ಕಾರ್ಬಾಲಿಕ್ ಆಮ್ಲ ಸುರಿದರು. ಮನೆಗೆ ಸುಣ್ಣ ಬಳಿದರು. ಬೆಳಕು ಬರಲಿ ಅಂತ ಚಾವಣಿಯ ಹೆಂಚು ಕಿತ್ತರು. ಎಷ್ಟೋ ಮನೆಗಳ ಗೋಡೆಯ ಮೇಲೆ ‘ವಾಸಕ್ಕೆ ಯೋಗ್ಯವಲ್ಲ’ ಅಂತ ಗುರುತು ಹಾಕಿದರು.

ಅವರ ತಲೆಯಲ್ಲಿದ್ದ ಲೆಕ್ಕ ಇಷ್ಟೇ: ರೋಗ ಇರುವುದು ಕೊಳಕಿನಲ್ಲಿ, ನೆಲದಲ್ಲಿ, ಜನರ ಮೈಯಲ್ಲಿ. ಹಾಗಾಗಿ ಕೊಳಕು ತೊಳೆಯಿರಿ, ಜನರನ್ನು ಬೇರೆ ಮಾಡಿ. ಮಾಂಡ್ವಿಯಲ್ಲಿ ಸತ್ತ ಇಲಿಗಳು ಅವರ ಕಣ್ಣಿಗೆ ಬಿದ್ದಿರಲಿಲ್ಲ ಅಂತಲ್ಲ. ಬಿದ್ದಿದ್ದವು. ಆದರೆ ಇಲಿಯೂ ನಮ್ಮ ಹಾಗೇ ಕೊಳಕಿನಿಂದ ಕಾಯಿಲೆ ಬಿದ್ದ ಇನ್ನೊಂದು ಪ್ರಾಣಿ ಅಂದುಕೊಂಡರು. ತಮಾಷೆ ಅಂದರೆ, ಚರಂಡಿಗೆ ಘಾಟಿನ ಔಷಧ ಸುರಿದಾಗ ಅಲ್ಲಿದ್ದ ಇಲಿಗಳು ಪಕ್ಕದ ಬೀದಿಗೆ ಓಡಿಹೋಗುತ್ತಿದ್ದವು. ರೋಗ ಓಡಿಸಲು ಹೊರಟವರೇ ಅದಕ್ಕೆ ದಾರಿ ತೋರಿಸಿದ ಹಾಗಾಯಿತು.

ಜನ ಮೊದಲು ಮಾಡಿದ್ದು ಬಚ್ಚಿಡುವುದು. ಗೆಡ್ಡೆ ಬಂದವರನ್ನು ಒಳಕೋಣೆಯಲ್ಲಿ, ಅಟ್ಟದಲ್ಲಿ ಅಡಗಿಸಿದರು. ಹೆಣವನ್ನು ರಾತ್ರೋರಾತ್ರಿ ಸಾಗಿಸಿದರು. ಆಸ್ಪತ್ರೆಗೆ ಹೋದವರು ವಾಪಸ್ ಬರುವುದನ್ನು ಕಂಡವರು ಕಡಿಮೆ, ಹಾಗಾಗಿ ಅಲ್ಲಿ ಏನೋ ನಡೆಯುತ್ತಿದೆ ಅನ್ನೋ ಗುಮಾನಿ. ರೋಗಿಗಳನ್ನು ತಲೆಕೆಳಗಾಗಿ ನೇತುಹಾಕಿ ಮೈಯಿಂದ ಎಣ್ಣೆ ತೆಗೆಯುತ್ತಾರೆ ಅಂತ ಒಂದು ಪುಕಾರು. ಅಕ್ಟೋಬರ್‌ನಲ್ಲಿ ಯಾರೋ ವಿಕ್ಟೋರಿಯಾ ರಾಣಿಯ ಪ್ರತಿಮೆಗೆ ಟಾರು ಬಳಿದಿದ್ದರು. ಅದರ ಸಿಟ್ಟಿಗೆ ರಾಣಿ ಮನುಷ್ಯರ ಗುಂಡಿಗೆ ಕೇಳಿದ್ದಾಳೆ ಅಂತ ಇನ್ನೊಂದು. ನಗು ಬರುತ್ತದೆ, ಅಲ್ವಾ? 5ಜಿ ಟವರ್‌ನಿಂದ ಕೊರೊನಾ ಬರುತ್ತದೆ ಅಂತ ನಮ್ಮ ಮನೆಯ ವಾಟ್ಸ್ಆ್ಯಪ್ ಗುಂಪಿಗೇ ಬಂದಿತ್ತು. ಹಾಗಾಗಿ ನಾನು ನಗುವುದಿಲ್ಲ.

ಅಕ್ಟೋಬರ್ 29ರಂದು ಸಾವಿರದಷ್ಟು ಗಿರಣಿ ಕೆಲಸಗಾರರು ಆರ್ಥರ್ ರಸ್ತೆಯ ಆಸ್ಪತ್ರೆಗೆ ನುಗ್ಗಿದರು. ಮರುದಿನವೇ ಸ್ನೋ ಆಜ್ಞೆಯನ್ನು ಸಡಿಲಿಸಿದ. ಅವನ ಹೆದರಿಕೆ ಗಲಭೆಯದು ಮಾತ್ರ ಅಲ್ಲ. ಬಲವಂತ ಹೆಚ್ಚಾದರೆ ಊರಿನ ಕಕ್ಕಸು, ಕಸ ಎತ್ತುವ ಕೆಲಸಗಾರರು ಬಿಟ್ಟುಹೋಗುತ್ತಾರೆ. ಅವರು ಹೋದರೆ ಬಾಂಬೆಯಲ್ಲಿ ಬೇರೆ ಯಾರೂ ಇರಲಾಗುವುದಿಲ್ಲ. ಆ ಇಡೀ ನಗರ ನಿಂತಿದ್ದುದು ಯಾರ ಹೆಗಲ ಮೇಲೆ ಅಂತ ಕಮಿಷನರ್‌ಗೆ ಆವತ್ತು ನೆನಪಾಗಿತ್ತು.

ಊರು ಬಿಡುವವರು ಬಿಟ್ಟೇಬಿಟ್ಟರು. ಎಂಟು ಲಕ್ಷ ಜನರ ಬಾಂಬೆಯಲ್ಲಿ 1897ರ ಫೆಬ್ರುವರಿ ಹೊತ್ತಿಗೆ ಹೆಚ್ಚೂಕಮ್ಮಿ ಅರ್ಧ ಜನ ರೈಲು, ದೋಣಿ ಹತ್ತಿ ಹೋಗಿದ್ದರು. ಅದೇ ಫೆಬ್ರುವರಿಯಲ್ಲಿ ಎಪಿಡೆಮಿಕ್ ಡಿಸೀಸಸ್ ಆ್ಯಕ್ಟ್ ಬಂತು. ಒಂದೆರಡು ಹಾಳೆಯ ಚಿಕ್ಕ ಕಾನೂನು. ಆದರೆ ಯಾರನ್ನು ಬೇಕಾದರೂ ತಡೆದು ತಪಾಸಣೆ ಮಾಡುವ, ಬೇರೆ ಇಡುವ ಅಧಿಕಾರ ಅದರಲ್ಲಿತ್ತು. 2020ರ ಮಾರ್ಚ್‌ನಲ್ಲಿ ಕಲಬುರಗಿಯಲ್ಲಿ ದೇಶದ ಮೊದಲ ಕೊರೊನಾ ಸಾವು ಆದಾಗ ನಮ್ಮ ಸರ್ಕಾರ ಕೈಗೆತ್ತಿಕೊಂಡಿದ್ದೂ ಇದೇ 123 ವರ್ಷ ಹಳೆಯ ಕಾನೂನನ್ನು.

ಆ ಅಧಿಕಾರದ ಕೆಟ್ಟ ಮುಖ ಕಂಡಿದ್ದು ಪುಣೆಯಲ್ಲಿ. ಅಲ್ಲಿನ ಪ್ಲೇಗ್ ಸಮಿತಿಯ ಮುಖ್ಯಸ್ಥ ವಾಲ್ಟರ್ ರ‍್ಯಾಂಡ್, ಮನೆ ಶೋಧಕ್ಕೆ ಸೈನಿಕರನ್ನು ಬಿಟ್ಟ. ಬೂಟುಗಾಲಿನಲ್ಲಿ ಅಡುಗೆಮನೆ, ದೇವರಮನೆಗೆ ನುಗ್ಗುವುದು, ಸಾಮಾನು ಬೀದಿಗೆಸೆದು ಸುಡುವುದು, ಹೆಂಗಸರ ಕಂಕುಳು ತೊಡೆಸಂದು ನೋಡುವುದು. 1897ರ ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷವಾದ ಸಂಭ್ರಮ ಮುಗಿಸಿ ಬರುತ್ತಿದ್ದಾಗ ಚಾಪೇಕರ್ ಸಹೋದರರು ರ‍್ಯಾಂಡ್‌ನನ್ನು ಗುಂಡಿಕ್ಕಿದರು. ಅದೇ ದಿನ, ಅದೇ ಸಂಭ್ರಮದ ಹೆಸರಿನಲ್ಲಿ, ಬೆಂಗಳೂರಿನಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ಒಂದು ಆಸ್ಪತ್ರೆಗೆ ಅಡಿಗಲ್ಲು ಇಟ್ಟರು. ಕೆ.ಆರ್. ಮಾರ್ಕೆಟ್ ಪಕ್ಕದ ಈಗಿನ ವಿಕ್ಟೋರಿಯಾ ಆಸ್ಪತ್ರೆ ಅದೇ.

ಆ ಕಟ್ಟಡ ಏಳುವಷ್ಟರಲ್ಲಿ ಪ್ಲೇಗ್ ಬೆಂಗಳೂರಿಗೂ ಬಂದಿತ್ತು. 1898ರ ಆಗಸ್ಟ್. ರೈಲಿನ ದಾರಿ ಹಿಡಿದೇ ಬಂತು. ಮೈಸೂರು ಸಂಸ್ಥಾನದಲ್ಲೂ ಜನರನ್ನು ಬೇರೆ ಇಡುವ ಕ್ಯಾಂಪು, ತಪಾಸಣೆ, ಮನೆ ಕೆಡಹುವುದು ಎಲ್ಲ ನಡೆಯಿತು. ನವೆಂಬರ್‌ನಲ್ಲಿ ಶ್ರೀರಂಗಪಟ್ಟಣದ ಗಂಜಾಮ್‌ನಲ್ಲಿ ದೊಡ್ಡ ಗಲಭೆಯೇ ಆಯಿತು. 1891ರಲ್ಲಿ 1,80,366 ಇದ್ದ ಬೆಂಗಳೂರಿನ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿದಿತ್ತು. ಕಿಕ್ಕಿರಿದ ಪೇಟೆಯಿಂದ ಜನರನ್ನು ಹೊರಕ್ಕೆ ತರಲೆಂದು ಮಲ್ಲೇಶ್ವರ, ಬಸವನಗುಡಿ ಬೆಳೆದವು. ಅಲ್ಲಿನ ಹಳೇ ಮನೆಗಳ ಹಿಂದೆ ಒಂದು ಸಣ್ಣ ಓಣಿ ಇರುತ್ತದಲ್ಲ, ಕಕ್ಕಸು, ಕಸ ಎತ್ತುವವರು ಓಡಾಡಲೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ, ಅದು ಆ ಕಾಲದ ಯೋಜನೆ. ತ್ಯಾಗರಾಜನಗರದಲ್ಲಿ ಪ್ಲೇಗ್ ಮಾರಮ್ಮನ ಗುಡಿ ಈಗಲೂ ಇದೆ.

ಇತ್ತ ಇದೇ 1898ರಲ್ಲಿ, ಈ ಗಲಾಟೆಯಿಂದ ದೂರ, ಕರಾಚಿಯ ಒಂದು ಹೋಟೆಲಿನಲ್ಲಿ ಪಾಲ್ ಲೂಯಿ ಸಿಮೋಂಡ್ ಅನ್ನೋ ಫ್ರೆಂಚ್ ಡಾಕ್ಟರ್ ಗಾಜಿನ ಜಾಡಿ ಮುಂದೆ ಕೂತಿದ್ದ. ಕೆಲವು ರೋಗಿಗಳ ಮೈಮೇಲೆ ಒಂದು ಪುಟ್ಟ ಬೊಬ್ಬೆಯನ್ನು ಅವನು ಗಮನಿಸಿದ್ದ. ಏನೋ ಕಚ್ಚಿದ ಗುರುತಿನ ಹಾಗಿತ್ತು. ಅವನಿಗೆ ಅನುಮಾನ ಬಂದಿದ್ದು ಇಲಿಯ ಮೈಮೇಲಿನ ಚಿಗಟದ ಮೇಲೆ. ಜೂನ್ 2ರಂದು ಪ್ಲೇಗ್ ರೋಗಿಯ ಮನೆಯಲ್ಲಿ ಹಿಡಿದ ಕಾಯಿಲೆ ಇಲಿಯನ್ನು ಜಾಡಿಗೆ ಹಾಕಿದ. ಚಿಗಟ ಕಡಿಮೆ ಅನ್ನಿಸಿತೋ ಏನೋ, ಬೆಕ್ಕಿನ ಮೈಯಿಂದ ಒಂದಷ್ಟು ತೆಗೆದು ಸೇರಿಸಿದ. ಇಲಿ ಸಾಯುವ ಹೊತ್ತಿಗೆ ಅದೇ ಜಾಡಿಯೊಳಗೆ ತಂತಿ ಪಂಜರದಲ್ಲಿ ಒಂದು ಗಟ್ಟಿಮುಟ್ಟಾದ ಇಲಿಯನ್ನು ಇಳಿಬಿಟ್ಟ. ಸತ್ತ ಇಲಿಯನ್ನು ಅದು ಮುಟ್ಟುವ ಹಾಗಿಲ್ಲ. ಜಾಲರಿಯ ಕಣ್ಣಿನಲ್ಲಿ ಚಿಗಟ ಮಾತ್ರ ಹಾರಬಹುದು. ಕೆಲವೇ ದಿನಕ್ಕೆ ಆ ಇಲಿಯೂ ಸತ್ತಿತು. ಕೊಯ್ದು ನೋಡಿದರೆ ಒಳಗೆಲ್ಲ ಪ್ಲೇಗಿನ ಬ್ಯಾಕ್ಟೀರಿಯಾ. ಚಿಗಟ ಇಲ್ಲದ ಕಾಯಿಲೆ ಇಲಿಯ ಪಕ್ಕದಲ್ಲಿಟ್ಟ ಇಲಿಗೆ ಏನೂ ಆಗಲಿಲ್ಲ.

ಅವನನ್ನು ನಂಬಿದವರು ಕಡಿಮೆ. ಬ್ರಿಟಿಷರ ಪ್ಲೇಗ್ ಕಮಿಷನ್ ಅದನ್ನು ತಳ್ಳಿಹಾಕಿತು. ಒಪ್ಪಿಕೊಂಡಿದ್ದು 1905ರ ನಂತರ, ಬಾಂಬೆಯಲ್ಲಿ ಗಿನಿಪಿಗ್‌ಗಳನ್ನು ಪ್ಲೇಗ್ ಮನೆಗಳಲ್ಲಿಟ್ಟು ನೋಡಿದ ಮೇಲೆ. ಸುತ್ತ ಅಂಟು ಕಾಗದ ಹಾಸಿ ಚಿಗಟ ಬರದ ಹಾಗೆ ಮಾಡಿದ ಪಂಜರದ ಗಿನಿಪಿಗ್‌ಗಳು ಉಳಿದವು. ಬರಿದೇ ಇಟ್ಟವು ಸತ್ತವು. ಚಿಗಟದ ಹೊಟ್ಟೆಯೊಳಗೆ ಏನಾಗುತ್ತದೆ ಅಂತ ಗೊತ್ತಾಗಿದ್ದು ಇನ್ನೂ ತಡವಾಗಿ, 1914ರಲ್ಲಿ. ಕಾಯಿಲೆ ಇಲಿಯ ರಕ್ತದ ಜೊತೆ ಒಳಹೋದ ಬ್ಯಾಕ್ಟೀರಿಯಾ, ಚಿಗಟದ ಹೊಟ್ಟೆಯ ಬಾಗಿಲಲ್ಲೇ ಬೆಳೆದು ಮುದ್ದೆ ಕಟ್ಟಿ ಬಿರಡೆ ಹಾಕಿದ ಹಾಗೆ ಮುಚ್ಚಿಬಿಡುತ್ತದೆ. ಎಷ್ಟು ಹೀರಿದರೂ ರಕ್ತ ಒಳಗಿಳಿಯದು. ಹಸಿವು ತಾಳದೆ ಚಿಗಟ ಮತ್ತೆ ಮತ್ತೆ ಕಚ್ಚುತ್ತದೆ. ಹೀರಿದ್ದು ಬಿರಡೆಗೆ ಬಡಿದು ಬ್ಯಾಕ್ಟೀರಿಯಾ ಸಮೇತ ವಾಪಸ್ ಗಾಯಕ್ಕೇ ಬರುತ್ತದೆ. ಅಂದರೆ ಪ್ಲೇಗ್ ಹರಡುವುದು ಹೊಟ್ಟೆಗಿಲ್ಲದೆ ಸಾಯುತ್ತಿರುವ ಚಿಗಟದಿಂದ.

ಈಗ ಆ ತೂರಾಡುವ ಇಲಿಯನ್ನು ಮತ್ತೆ ನೋಡಿ. ಇಲಿ ಸತ್ತು ತಣ್ಣಗಾದ ಕೂಡಲೇ ಚಿಗಟಗಳಿಗೆ ಅದು ಬೇಡ. ಬಿಸಿ ರಕ್ತದ ಇನ್ನೊಂದು ಇಲಿ ಹುಡುಕುತ್ತವೆ. ಮನೆಯ ಇಲಿಗಳೆಲ್ಲ ಸತ್ತು ಮುಗಿದ ಮೇಲೆ ಉಳಿದಿರುವುದು ಚಾಪೆಯ ಮೇಲೆ ಮಲಗಿದ ಮನುಷ್ಯರು. ಇಲಿ ಬೀಳುವುದಕ್ಕೂ ಮನುಷ್ಯರಿಗೆ ಜ್ವರ ಬರುವುದಕ್ಕೂ ನಡುವೆ ಒಂದೆರಡು ವಾರದ ಅಂತರ ಸಿಗುತ್ತದೆ. ಆ ಎರಡು ವಾರದಲ್ಲಿ ಮನೆ ಖಾಲಿ ಮಾಡಿದವನು ಬದುಕುತ್ತಾನೆ. ಸಂಸ್ಥಾನದ ಆಜ್ಞೆ ಅವನನ್ನು ಅದೇ ಊರಲ್ಲೇ ತಡೆದು ನಿಲ್ಲಿಸಿದರೆ? ಚಿಗಟಕ್ಕೆ ಊಟ. ಜ್ವರ ಬಂದವನನ್ನು ಮನೆಯವರಿಂದ ಕಿತ್ತು ಕ್ಯಾಂಪಿಗೆ ಒಯ್ಯುವುದರಿಂದ ಆಗುತ್ತಿದ್ದ ಲಾಭ ತೀರಾ ಕಡಿಮೆ. ಯಾಕೆಂದರೆ ಗೆಡ್ಡೆ ಪ್ಲೇಗ್ ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಶ್ವಾಸಕೋಶಕ್ಕೆ ಇಳಿದಾಗ ಮಾತ್ರ ಅದು ಕೆಮ್ಮಿನ ಜೊತೆ ಹರಡುತ್ತದೆ. ಇಷ್ಟೆಲ್ಲ ನೋವು ಕೊಟ್ಟ ನಿಯಮ ತಪ್ಪು ಗುರಿಗೆ ಹೊಡೆದಿತ್ತು.

ಹಾಗಂತ ಸರ್ಕಾರದ ಕೈಯಲ್ಲಿದ್ದುದೆಲ್ಲ ಬೇಡದ್ದು ಅಂತ ಹೇಳಲಾರೆ. ಬಾಂಬೆಯಲ್ಲಿ ವಾಲ್ಡೆಮಾರ್ ಹಾಫ್ಕಿನ್ ಅನ್ನೋ ವಿಜ್ಞಾನಿ ಕೆಲವೇ ತಿಂಗಳಲ್ಲಿ ಲಸಿಕೆ ಮಾಡಿ, 1897ರ ಜನವರಿ 10ರಂದು ತನಗೇ ಚುಚ್ಚಿಕೊಂಡ. ಅದಕ್ಕೂ ಪುಕಾರುಗಳ ಕಾಟ ತಪ್ಪಲಿಲ್ಲ. ಆದರೆ 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಚುಚ್ಚಿಸಿಕೊಂಡರು. ಊರಿಗೆ ಊರೇ ಸಾಲು ನಿಂತಿತು ಅನ್ನಬಹುದು. ಕಣ್ಣೆದುರಿಗೇ ಚುಚ್ಚಿಸಿಕೊಂಡವರು ಉಳಿಯುವುದು, ಚುಚ್ಚಿಸಿಕೊಳ್ಳದವರು ಸಾಯುವುದು ಕಂಡಾಗ ಭಾಷಣ ಬೇಕಾಗಲಿಲ್ಲ. ಚುಚ್ಚಿಸಿಕೊಂಡ ಚೀಟಿ ಇದ್ದವರಿಗೆ ಕ್ಯಾಂಪಿನ ಕಾಟ ಕಡಿಮೆ ಅನ್ನೋದೂ ಸೇರಿಕೊಂಡಿತು. ನಿಯಮ ಒಪ್ಪದ ಜನ ಸೂಜಿ ಒಪ್ಪಿದರು. ಬರೀ ಅಜ್ಞಾನ ಆಗಿದ್ದರೆ ಎರಡನ್ನೂ ಬೇಡ ಅನ್ನಬೇಕಿತ್ತಲ್ಲ?

ಕೊನೆಗೆ ಸರ್ಕಾರವೂ ದಾರಿ ಬದಲಿಸಿತು. ಬಲವಂತದ ಕ್ಯಾಂಪುಗಳು ಹಿಂದೆ ಸರಿದವು. ಇಲಿ ಹಿಡಿಯುವುದು, ಇಷ್ಟವಿದ್ದವರಿಗೆ ಲಸಿಕೆ, ಇಲಿ ಬಿದ್ದ ಊರು ಖಾಲಿ ಮಾಡುವುದು ಅಧಿಕೃತ ಸಲಹೆಯಾದವು. ಅಷ್ಟರಲ್ಲಿ ಪ್ಲೇಗ್ ದೇಶದ ಉದ್ದಗಲಕ್ಕೂ ಹಬ್ಬಿತ್ತು. ಮುಂದಿನ ದಶಕಗಳಲ್ಲಿ ಒಟ್ಟು ಒಂದು ಕೋಟಿಗೂ ಹೆಚ್ಚು ಜನರನ್ನು ನುಂಗಿತು.

ಊರು ಬಿಟ್ಟು ಓಡಿದವರದೂ ಒಂದು ತಪ್ಪಿತ್ತು. ಹೋಗುವಾಗ ಜೊತೆಗೆ ಏನು ಒಯ್ದರು? ರೈಲಿನಲ್ಲಿ ಹಾಸಿಗೆ, ಗಾಡಿಯಲ್ಲಿ ಧಾನ್ಯದ ಮೂಟೆ. ಚಿಗಟಗಳು ಟಿಕೆಟ್ ಇಲ್ಲದೆ ಹೊಸ ಊರಿಗೆ ಹೋಗಿದ್ದು ಹಾಗೆ. ಇದು ಗೊತ್ತಾದ ಮೇಲೆ ಅಜ್ಜಿಯ ಮನೆಯ ರಾಗಿ ಮೂಟೆಯ ಬಗ್ಗೆ ನನಗೆ ಕುತೂಹಲ ಶುರುವಾಯಿತು. ಅಜ್ಜಿ ಇರಲಿಲ್ಲ, ಅವಳ ತಂಗಿ ಇದ್ದಳು. ಕೇಳಿದೆ. ಗಾಡಿಯಿಂದ ಇಳಿಸಿದ ಮೂಟೆ, ಕಂಬಳಿ ಒಂದನ್ನೂ ಅವರಪ್ಪ ಗುಡಿಸಲೊಳಕ್ಕೆ ಬಿಡುತ್ತಿರಲಿಲ್ಲವಂತೆ. ಎರಡು ದಿನ ಬಂಡೆಯ ಮೇಲೆ ಸುಡು ಬಿಸಿಲಿಗೆ ಹರಡಿ, ಮಕ್ಕಳನ್ನು ಕಾಗೆ ಕಾಯಲು ಕೂರಿಸುತ್ತಿದ್ದರಂತೆ. ಬಿಸಿಲಿಗೆ ಚಿಗಟ ಉಳಿಯುವುದಿಲ್ಲ. ‘ಯಾಕೆ ಹಾಗೆ ಮಾಡ್ತಿದ್ರು ಚಿಕ್ಕಜ್ಜಿ?’ ಅಂದೆ. ‘ಯಾಕೆ ಅಂತ ಯಾರು ಕೇಳಿದ್ರು, ಕಾಗೆ ಓಡಿಸೋಕೆ ನನಗೆ ಬೆಲ್ಲ ಕೊಡ್ತಿದ್ರು’ ಅಂದಳು.