12 ವರ್ಷದ ಹುಡುಗನಿಗೆ ಹಾರ್ಟ್ಸ್ ಆಫ್ ಐರನ್ 4 ಕೊಡಿಸ್ಬೋದಾ?

ಪ್ರಶ್ನೆ: ನನ್ನ ಮಗನಿಗೆ 12 ವರ್ಷ. ಫ್ರೆಂಡ್ ಮನೇಲಿ ಹಾರ್ಟ್ಸ್ ಆಫ್ ಐರನ್ 4 ಅಂತ ಗೇಮ್ ನೋಡ್ಕೊಂಡು ಬಂದಿದಾನೆ, ಎರಡನೇ ಮಹಾಯುದ್ಧದ್ದಂತೆ, ಕೊಡ್ಸು ಕೊಡ್ಸು ಅಂತ ಪ್ರಾಣ ತಿಂತಿದಾನೆ. ರಕ್ತಗಿಕ್ತ ಜಾಸ್ತಿ ಇರತ್ತಾ? ಕೊಡಿಸ್ಬೋದಾ?

ರಕ್ತ ಒಂದು ಹನೀನೂ ಇಲ್ಲ, ಆ ಭಯ ಬಿಡಿ. ಇಡೀ ಗೇಮು ನಡ್ಯೋದು ಪ್ರಪಂಚದ ಮ್ಯಾಪ್ ಮೇಲೆ. ಪುಟಾಣಿ ಸೈನಿಕರ ಗೊಂಬೆಗಳು, ಎಲ್ಲಿಂದ ಎಲ್ಲಿಗೆ ನುಗ್ಬೇಕು ಅಂತ ನಾವೇ ಎಳೆಯೋ ಬಾಣಗಳು, ಕಾದಾಟ ನಡೀತಿದ್ರೆ ಅಲ್ಲೊಂದು ಗುಳ್ಳೆ, ಹಸಿರಿದ್ರೆ ಗೆಲ್ತಿದೀವಿ ಕೆಂಪಿದ್ರೆ ಸೋಲ್ತಿದೀವಿ, ಅಷ್ಟೇ. ಕಣ್ಣಿಗೆ ಕಾಣೋದನ್ನ ಲೆಕ್ಕ ಹಾಕಿದ್ರೆ ಟಿವಿ ಸೀರಿಯಲ್ಲೇ ಇದಕ್ಕಿಂತ ಭಯಂಕರ.

ಕಷ್ಟ ಇರೋದು ಬೇರೆ ಕಡೆ. ಸ್ವೀಡನ್ನಿನ ಪ್ಯಾರಡಾಕ್ಸ್ ಅನ್ನೋ ಕಂಪನಿ ಇದನ್ನ 2016ರ ಜೂನ್ 6ಕ್ಕೆ ಬಿಡ್ತು (1944ರಲ್ಲಿ ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದು ದಾಳಿ ಮಾಡಿದ ತಾರೀಖು, ಬೇಕಂತಲೇ ಇರ್ಬೇಕು), ನಾನು ಆಗಿಂದ ಆಡ್ತಿದೀನಿ, ಮೊದಲ 30 ಗಂಟೆ ನನಗೆ ತಲೆಬುಡ ಗೊತ್ತಾಗ್ಲಿಲ್ಲ ಅಂತ ನಾಚಿಕೆ ಇಲ್ದೆ ಹೇಳ್ತೀನಿ. ಒಂದು ಪಡೆ ಯುದ್ಧಕ್ಕೆ ಹೋಗ್ಬೇಕಂದ್ರೆ ಬಂದೂಕು ಬೇಕು, ಬಂದೂಕಿಗೆ ಫ್ಯಾಕ್ಟರಿ, ಫ್ಯಾಕ್ಟರಿಗೆ ಉಕ್ಕು, ಉಕ್ಕಿಲ್ದಿದ್ರೆ ಬೇರೆ ದೇಶದಿಂದ ತರಿಸ್ಬೇಕು, ಇದೆಲ್ಲ ಆಗಿ ರಷ್ಯಾ ಒಳಗೆ ಜೋರಾಗಿ ನುಗ್ಗಿದ್ರೆ ರೈಲು ಸಾಲ್ದೆ ಸೇನೆಗೆ ಸರಕೇ ತಲುಪಲ್ಲ, ಎಲ್ಲ ಅಲ್ಲೇ ಕೂತ್ಬಿಡ್ತಾರೆ. ಕನ್ನಡ ಬಿಡಿ ಹಿಂದೀನೂ ಇಲ್ಲ, ಸಣ್ಣ ಅಕ್ಷರದ ಇಂಗ್ಲಿಷು ಪುಟಗಟ್ಟಲೆ ಓದ್ಬೇಕು. ಅರ್ಧ ಮಕ್ಕಳು ಎರಡನೇ ದಿನಕ್ಕೇ ಬಿಟ್ಟು ಎದ್ದೋಗ್ತಾರೆ, ಉಳ್ಕೊಂಡವರನ್ನ ಊಟಕ್ಕೆ ಎಬ್ಬಿಸೋದು ಕಷ್ಟ.

ಆದ್ರೆ ನಾನು ಯೋಚ್ನೆ ಮಾಡೋ ಹಾಗಾಗಿದ್ದು ಇದ್ಯಾವುದಕ್ಕೂ ಅಲ್ಲ. ಅಕ್ಕನ ಮಗನಿಗೆ 13 ಆಗ, ರಜಕ್ಕೆ ಬಂದಿದ್ದ, ಪಕ್ಕದಲ್ಲಿ ಕೂರಿಸ್ಕೊಂಡು ಟ್ಯುಟೋರಿಯಲ್ ಹಾಕ್ದೆ. ಆಟ ಕಲಿಸೋಕೆ ಅವರು ಆರಿಸಿರೋದು ಇಟಲೀನ. 1936ರ ಜನವರಿ, ಅಲ್ಲಿನ ಸರ್ವಾಧಿಕಾರಿ ಮುಸೊಲಿನಿ ಸೇನೆ ಆಗಲೇ ಇಥಿಯೋಪಿಯಾ ಒಳಗಿದೆ, ಅದನ್ನ ಮುಗಿಸೋದೇ ನಮ್ಮ ಮೊದಲ ಪಾಠ. ಹುಡುಗ ಚೆನ್ನಾಗೇ ಬಾಣ ಎಳೆದ, ಗುಳ್ಳೆಗಳೆಲ್ಲ ಹಸಿರಾದ್ವು, ಆಮೇಲೆ ಮೌಸ್ ಬಿಟ್ಟು ಕೇಳ್ದ, "ಮಾಮ, ಇಥಿಯೋಪಿಯಾದವ್ರು ಏನ್ ತಪ್ಪು ಮಾಡಿದ್ರು?"

ಏನೂ ಮಾಡಿರ್ಲಿಲ್ಲ. ನಿಜವಾದ ಯುದ್ಧದಲ್ಲಿ ಇಟಲಿ ವಿಮಾನದಿಂದ ವಿಷಾನಿಲ ಸುರೀತು, ಅಲ್ಲಿನ ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾಕ್ಕೆ ಹೋಗಿ ರಾಷ್ಟ್ರಗಳ ಸಂಘದ (ವಿಶ್ವಸಂಸ್ಥೆಗಿಂತ ಮುಂಚೆ ಇದ್ದಿದ್ದು) ಮುಂದೆ ಗೋಳು ಹೇಳ್ಕೊಂಡ್ರೂ ಯಾರೂ ನೆರವಿಗೆ ಬರ್ಲಿಲ್ಲ. ಪಾಠದಲ್ಲಿ ಇದ್ಯಾವ್ದೂ ಇಲ್ಲ. ಹಿಟ್ಲರ್ ಇದಾನೆ, ಯಹೂದಿಗಳ ನರಮೇಧ ಇಲ್ಲ, ಕಂಪನಿಯವರು ಅದನ್ನ ತಿಳಿದೇ ಹೊರಗಿಟ್ಟಿದಾರೆ, ಅದನ್ನೂ ಒಂದು ಬಟನ್ ಮಾಡಿ ಇಡೋಕಾಗಲ್ವಲ್ಲ, ಅದು ಸರಿನೇ. ಆದ್ರೆ ಏನೂ ಗೊತ್ತಿಲ್ದಿರೋ ಮಗು ಕಣ್ಣಿಗೆ ಆ ಜರ್ಮನಿ ಒಳ್ಳೆ ಟ್ಯಾಂಕ್ ಇರೋ ಸ್ಟ್ರಾಂಗ್ ಟೀಮ್ ಅಷ್ಟೇ ಆಗ್ಬಿಡತ್ತೆ. ಜನ ಅಂದ್ರೆ ಮ್ಯಾನ್‌ಪವರ್ ಅನ್ನೋ ನಂಬರು, ಕಮ್ಮಿ ಆದ್ರೆ ಕಾನೂನು ಬದಲಾಯ್ಸಿ ಇನ್ನಷ್ಟು ಜನರನ್ನ ಸೇರಿಸ್ಕೊಳ್ಳೋದು.

ಹಂಗಂತ ಬೇಡ ಅಂತಿಲ್ಲ ನಾನು. ನಾವು ಬ್ರಿಟಿಷ್ ರಾಜ್, ಅಂದ್ರೆ ಬ್ರಿಟಿಷರ ಕೈಲಿದ್ದ ಭಾರತಾನ ತಗೊಂಡು ಇನ್ನೊಂದ್ಸಲ ಶುರು ಮಾಡಿದ್ವಿ, ಆ ನೆಪದಲ್ಲಿ 25 ಲಕ್ಷ ಭಾರತೀಯರು ಎರಡನೇ ಮಹಾಯುದ್ಧಕ್ಕೆ ಸೇನೆ ಸೇರಿದ್ದು, 1943ರ ಬಂಗಾಳದ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತಿದ್ದು, ನಮ್ಮ ಬೆಂಗಳೂರಿನ ಎಚ್‌ಎಎಲ್ 1940ರಲ್ಲಿ ಶುರುವಾಗಿ ಅಮೆರಿಕದವರ ಯುದ್ಧವಿಮಾನ ರಿಪೇರಿ ಮಾಡ್ತಿದ್ದಿದ್ದು ಎಲ್ಲ ಮಾತಿಗೆ ಬಂತು. ಸ್ಕೂಲ್ ಪುಸ್ತಕದಲ್ಲಿ ಹೇಳಿದ್ರೆ ಆಕಳಿಸ್ತಿದ್ದವನು, ಆವತ್ತು ರಾತ್ರಿ ಹನ್ನೊಂದರ ತನಕ ಕೇಳ್ದ.

ಹಾಗಾಗಿ 12 ವರ್ಷಕ್ಕೆ ಕೊಡಿಸಿ, ಆದ್ರೆ ಮೊದಲ ಹತ್ತು ಗಂಟೆ ಮನೇಲಿ ಯಾರಾದ್ರೂ ದೊಡ್ಡವರು ಪಕ್ಕ ಕೂತ್ಕೊಳ್ಳಿ, ಆಡಕ್ಕೆ ಬರ್ದಿದ್ರೂ ಪರವಾಗಿಲ್ಲ. ಆಟಾನ ಬೇಕಾದಾಗ ನಿಲ್ಲಿಸಿ ಆಮೇಲೆ ಮುಂದುವರಿಸ್ಬೋದು, ಆದ್ರಿಂದ "ಒಂದ್ನಿಮಿಷ ಇರಮ್ಮ" ಅನ್ನೋದಕ್ಕೆ ಒಪ್ಕೋಬೇಡಿ. ಆನ್‌ಲೈನಲ್ಲಿ ಗೊತ್ತಿಲ್ದವರ ಜೊತೆ ಆಡೋದು ಈಗ್ಲೇ ಬೇಡ, ಅಲ್ಲಿನ ಚಾಟಲ್ಲಿ ಹಿಟ್ಲರ್ ಜೋಕುಗಳೇ ಜಾಸ್ತಿ. ಮಾಡ್‌ಗಳನ್ನ, ಅಂದ್ರೆ ಗೇಮನ್ನ ಬದಲಾಯ್ಸೋ ಫೈಲ್‌ಗಳನ್ನ, ಆಟಗಾರರೇ ಮಾಡಿ ಹಾಕಿರ್ತಾರೆ, ಕೆಲವು ಸೂಪರ್, ಕೆಲವು ಮಕ್ಕಳಿಗಲ್ಲ, ನೀವು ನೋಡಿ ಹಾಕಿ. ಮತ್ತೆ ದುಡ್ಡಿನ ವಿಷ್ಯ, ಬೇಸ್ ಗೇಮ್ ಮಾತ್ರ ತಗೊಳ್ಳಿ, ಅದೂ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ಸೇಲ್ ಬಂದಾಗ. ಡಿಎಲ್‌ಸಿ ಅಂತ, ಬೇಸ್ ಗೇಮಿಗೆ ಬೇರೆ ದುಡ್ಡು ಕೊಟ್ಟು ಸೇರಿಸ್ಕೊಳ್ಳೋ ಭಾಗಗಳನ್ನ ಒಂದರ ಹಿಂದೆ ಒಂದು ಬಿಡ್ತಾನೇ ಇದಾರೆ, ಎಲ್ಲ ಕೊಳ್ತಾ ಹೋದ್ರೆ ಗೇಮಿಗಿಂತ ಅದರ ಬಾಲಾನೇ ದುಬಾರಿ.

ಅಕ್ಕನ ಮಗ ಈಗ ಇಥಿಯೋಪಿಯಾ ತಗೊಂಡು ಆಡ್ತಿದಾನೆ. ಮೊನ್ನೆ ಫೋನಲ್ಲಿ ಹೇಳ್ದ, "ರಾಜಧಾನಿ ಅಡಿಸ್ ಅಬಾಬಾ ಮೂರ್ ಸಲ ಹೋಯ್ತು ಮಾಮ, ಬಂದೂಕೇ ಸಾಲ್ತಿಲ್ಲ."