ಒಂದು ಮಿಲಿಮೀಟರ್ ಸರಿದರೆ

ಫಿಸಿಕ್ಸ್ ಪಾಠದಲ್ಲಿ ‘ಸ್ಥಾನಪಲ್ಲಟ’ ಅಂದರೆ ಇದ್ದ ಜಾಗದಿಂದ ಎಷ್ಟು ಸರಿದೆವು ಎನ್ನುವ ಲೆಕ್ಕ. ಊರು ಬಿಟ್ಟು ಬಂದವರ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ. ನೆಲೆ ತಪ್ಪಿದ ಆ ಅನುಭವವನ್ನು ಒಂದೂ ಮಾತಿಲ್ಲದೆ, ಬರೀ ಗಿಟಾರ್‌ನಲ್ಲಿ ಕೇಳಿಸಬಹುದಾ? ಪ್ರಯೋಗ ಮಾಡುವ ಗಿಟಾರ್ ವಾದಕರ ಬಳಿ ಅದಕ್ಕೆ ಹೊಂದುವ ಒಂದು ಉಪಾಯ ಇದೆ. ಖರ್ಚು ಒಂದು ಪೆನ್ಸಿಲ್.

ಗಿಟಾರ್ ತಂತಿಗೆ ಎರಡು ತುದಿಯಲ್ಲೂ ಆಸರೆ ಇರುತ್ತದೆ. ವೀಣೆಯವರ ಮಾತಿನಲ್ಲಿ ಹೇಳುವುದಾದರೆ ಕುದುರೆ. ನಡುವೆ ಇನ್ನೊಂದು ಕುದುರೆ ತೂರಿಸಿದರೆ ಒಂದೇ ತಂತಿ ಎರಡು ತಂತಿಯಾಗುತ್ತದೆ. ನಮ್ಮ ಮನೆಯ ಹಳೆ ಗಿಟಾರ್‌ನ ತಂತಿ 65 ಸೆಂ.ಮೀ. ಉದ್ದ. ಐದನೇ ತಂತಿ ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಸರಿಯಾಗಿ ನಡುವೆ, 12ನೇ ಫ್ರೆಟ್ (ವೀಣೆಯ ಮೆಟ್ಟಿಲಿನಂಥ ಲೋಹದ ಪಟ್ಟಿ) ಹತ್ತಿರ, ಪೆನ್ಸಿಲ್ ತೂರಿಸಿದೆ. ಎರಡೂ ಕಡೆ 220. (ಪೆನ್ಸಿಲ್ ತಂತಿಯನ್ನು ಎತ್ತಿ ಬಿಗಿ ಮಾಡುವುದರಿಂದ ಸ್ವರ ಇನ್ನೂ ಸ್ವಲ್ಪ ಏರುತ್ತದೆ. ಅದನ್ನು ಸದ್ಯ ಬಿಡಿ.)

ಈಗ ಪೆನ್ಸಿಲನ್ನು ಒಂದೇ ಒಂದು ಮಿಲಿಮೀಟರ್ ಸರಿಸಿ. ಒಂದು ಕಡೆ ಸುಮಾರು 219.3, ಇನ್ನೊಂದು ಕಡೆ 220.7. ಎರಡನ್ನೂ ಒಟ್ಟಿಗೆ ಮೀಟಿದರೆ ಸೆಕೆಂಡಿಗೆ ಒಂದಕ್ಕಿಂತ ತುಸು ಜಾಸ್ತಿ ಸಲ ಸದ್ದು ಏರಿ ಇಳಿಯುತ್ತದೆ: ವುಂಯ್... ವುಂಯ್... ಪಾಠದಲ್ಲಿ ಓದಿದ ಬೀಟ್ಸ್ ಇದೇ. ತಂಬೂರಿ ಶ್ರುತಿ ಮಾಡುವವರು ಇದೇ ಅಲೆಯನ್ನು ಕೇಳುತ್ತಾ, ಅದು ನಿಲ್ಲುವ ತನಕ ಬಿರಡೆ ತಿರುಗಿಸುತ್ತಾರೆ. ಒಂದು ಸೆಂ.ಮೀ. ಸರಿಸಿದರೆ ವ್ಯತ್ಯಾಸ 13 ದಾಟುತ್ತದೆ. ಆಗ ಅದು ಅಲೆಯಲ್ಲ, ಕಿವಿ ಕೆರೆಯುವ ಗರಗರ. ತಂತಿ ಅದೇ, ಬೆರಳೂ ಅದೇ.

1974ರಲ್ಲಿ ಇಂಗ್ಲೆಂಡಿನ ಗಿಟಾರ್ ವಾದಕ ಫ್ರೆಡ್ ಫ್ರಿತ್ ಒಂಟಿ ಗಿಟಾರ್‌ನ ರೆಕಾರ್ಡ್ ಮಾಡಿದಾಗ, ಬಿರಡೆಗಳ ಕಡೆ ತುದಿಯಲ್ಲೂ ಒಂದು ಪಿಕಪ್ (ತಂತಿಯ ಕಂಪನವನ್ನು ಹಿಡಿದು ಸ್ಪೀಕರಿಗೆ ಕಳಿಸುವ ಸಾಧನ) ಕೂರಿಸಿದ್ದರು. ಫ್ರೆಟ್ ಒತ್ತಿದ ಬೆರಳಿನ ಹಿಂದೆ ಉಳಿಯುವ ತಂತಿಯ ತುಂಡೂ ಸದ್ದು ಮಾಡುತ್ತದೆ. ಸಾಮಾನ್ಯವಾಗಿ ಅದು ಯಾರಿಗೂ ಕೇಳಿಸುವುದಿಲ್ಲ. ಅವರು ಅದನ್ನೂ ಕೇಳಿಸಿದರು. ವಲಸೆಯ ಕಥೆ ಹೇಳಲು ಗಿಟಾರ್‌ಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗಲಾರದು ಅಂತ ನನಗನಿಸುತ್ತದೆ. ಬಿಟ್ಟು ಬಂದ ಕಡೆಯೂ ಮಾತಾಡುತ್ತಿರುತ್ತದೆ, ಅಲ್ವಾ?

ಫ್ರೆಟ್‌ಗಳನ್ನೇ ಬಿಟ್ಟವರೂ ಇದ್ದಾರೆ. ತಂತಿ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಹವಾಯಿ ಗಿಟಾರ್ ಹುಟ್ಟಿಸಿದ ಹೆಗ್ಗಳಿಕೆ ಜೋಸೆಫ್ ಕೆಕುಕು ಅವರದು. 1893ರಲ್ಲಿ ಹವಾಯಿಯ ರಾಣಿ ಪದಚ್ಯುತರಾದರು, 1898ರಲ್ಲಿ ದ್ವೀಪಗಳು ಅಮೆರಿಕದ ಪಾಲಾದವು. 1904ರಲ್ಲಿ ಊರು ಬಿಟ್ಟ ಕೆಕುಕು ಮತ್ತೆ ಮರಳಲಿಲ್ಲ.

ಕೊನೆಗೆ ಪೆನ್ಸಿಲ್ ತೆಗೆದೆ. ತಂತಿ ಮತ್ತೆ ಪೂರ್ತಿ ಉದ್ದಕ್ಕೆ ಬಂತು, ಆದರೆ 110 ಬರಲಿಲ್ಲ. ಅಷ್ಟು ಹೊತ್ತು ಎಳೆದಿದ್ದಕ್ಕೆ ತುಸು ಸಡಿಲಾಗಿತ್ತು. ಬಿರಡೆಯನ್ನು ಕಾಲು ಸುತ್ತು ತಿರುಗಿಸಬೇಕಾಯಿತು.