ಮಂಡೇಲಾ ಗಾಂಧಿ ಹಾದಿಯವರಾದರೆ 27 ವರ್ಷ ಜೈಲು ಯಾಕೆ?

ಪ್ರಶ್ನೆ: ನೆಲ್ಸನ್ ಮಂಡೇಲಾ ಗಾಂಧೀಜಿಯ ಹಾಗೆ ಅಹಿಂಸಾವಾದಿ ಅಲ್ವಾ? ಮತ್ತೆ ಅಷ್ಟು ವರ್ಷ ಜೈಲಲ್ಲಿ ಇಟ್ಟಿದ್ದು ಯಾಕೆ?

ಜುಲೈ 18, ಅಂದರೆ ಅವರ ಹುಟ್ಟಿದ ದಿನ ಹತ್ತಿರ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಭಾಷಣ ಸ್ಪರ್ಧೆಗೆ ತಯಾರಾಗುವ ಮಕ್ಕಳಿಗಿಂತ ಅವರ ಅಪ್ಪ ಅಮ್ಮಂದಿರೇ ಜಾಸ್ತಿ ಕೇಳುತ್ತಾರೆ. ‘ದಕ್ಷಿಣ ಆಫ್ರಿಕಾದ ಗಾಂಧಿ’ ಎಂದು ಶುರು ಮಾಡಿದರೆ ಭಾಷಣ ಮೊದಲ ಸಾಲಿನಲ್ಲೇ ಹಳಿ ತಪ್ಪುತ್ತದೆ.

ಚಿಕ್ಕ ಉತ್ತರ ಇಷ್ಟೇ. 1964ರ ಜೂನ್‌ನಲ್ಲಿ ಅವರಿಗೆ ಜೀವಾವಧಿ ಶಿಕ್ಷೆ ಬಿದ್ದದ್ದು ಸತ್ಯಾಗ್ರಹಕ್ಕಲ್ಲ, ವಿಧ್ವಂಸಕ ಕೃತ್ಯಗಳ ಆರೋಪಕ್ಕೆ. ಆರೋಪ ಸುಳ್ಳೂ ಅಲ್ಲ. ಯೋಜನೆ ಹಾಕಿದ್ದು ನಿಜ ಎಂದು ಮಂಡೇಲಾ ಕೋರ್ಟಿನಲ್ಲೇ ಒಪ್ಪಿಕೊಂಡರು.

ಇಷ್ಟು ಹೇಳಿದರೂ ಯಾರೂ ನಂಬುವುದಿಲ್ಲ. ‘ನಾವು ಭಾರತ ರತ್ನ ಕೊಟ್ಟಿದ್ದೀವಲ್ಲ ಸಾರ್?’ ಅನ್ನುತ್ತಾರೆ. ಕೊಟ್ಟಿದ್ದೇವೆ, 1990ರಲ್ಲಿ. ಆದರೆ ಭಾರತ ರತ್ನ ಅಹಿಂಸೆಯ ಸರ್ಟಿಫಿಕೇಟ್ ಅಲ್ಲ.

ಗಾಂಧಿಯ ನೆರಳು ಇರಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 1952ರಲ್ಲಿ ವರ್ಣಭೇದದ ಕಾನೂನುಗಳನ್ನು ಬೇಕೆಂದೇ ಮುರಿಯುವ ಚಳವಳಿ ನಡೆಯಿತು. 8 ಸಾವಿರಕ್ಕೂ ಹೆಚ್ಚು ಜನ ಸುಮ್ನೆ ಕೈಯೊಡ್ಡಿ ಜೈಲಿಗೆ ಹೋದರು. ಸ್ವಯಂಸೇವಕರ ಮುಖ್ಯಸ್ಥ ಮಂಡೇಲಾ. ಅಲ್ಲಿನ ಭಾರತೀಯರ ಸಂಘಟನೆಗಳೂ ಜೊತೆಗಿದ್ದವು. ಅದು ಪಕ್ಕಾ ಗಾಂಧಿ ದಾರಿ. ಆದರೆ ಮಂಡೇಲಾಗೆ ಅಹಿಂಸೆ ವ್ರತ ಆಗಿರಲಿಲ್ಲ, ಒಂದು ತಂತ್ರವಾಗಿತ್ತು. ಕೆಲಸ ಮಾಡುವವರೆಗೆ ಇಟ್ಟುಕೊಳ್ಳುವ ತಂತ್ರ.

ಅದು ಕೆಲಸ ಮಾಡುವುದಿಲ್ಲ ಅನ್ನಿಸಿದ್ದು 1960ರಲ್ಲಿ. ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪಾಸ್ ಕಾನೂನಿನ (ಕರಿಯರು ಓಡಾಡಲು ಗುರುತಿನ ಪಾಸ್ ಇಟ್ಟುಕೊಂಡಿರಲೇಬೇಕು ಎಂಬ ನಿಯಮದ) ವಿರುದ್ಧ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 69 ಜನ ಸತ್ತರು. ಮಂಡೇಲಾ ಅವರ ಪಕ್ಷ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ನಿಷೇಧವಾಯಿತು. ಮರುವರ್ಷ ‘ಉಮ್‌ಖೊಂಟೊ ವೆ ಸಿಜ್ವೆ’ ಹುಟ್ಟಿತು. ‘ದೇಶದ ಈಟಿ’ ಅಂತ ಅರ್ಥ. ಕಟ್ಟಿದವರಲ್ಲಿ ಮಂಡೇಲಾ ಒಬ್ಬರು, ಮೊದಲ ದಂಡನಾಯಕರೂ ಅವರೇ. ಗುರಿ ವಿದ್ಯುತ್ ಕಂಬ, ಸರ್ಕಾರಿ ಕಟ್ಟಡ. ಜನರ ಪ್ರಾಣ ಹೋಗಬಾರದು ಎಂಬುದು ಆಗಿನ ನಿಯಮ. 1962ರಲ್ಲಿ ಗುಟ್ಟಾಗಿ ದೇಶ ಬಿಟ್ಟು ಇಥಿಯೋಪಿಯಾದಲ್ಲಿ ಸೈನಿಕ ತರಬೇತಿ ಪಡೆದರು. ವಾಪಸ್ ಬಂದು, ಕಾರ್ ಡ್ರೈವರ್ ವೇಷದಲ್ಲಿ ಓಡಾಡುವಾಗ ಆಗಸ್ಟ್ 5ರಂದು ಸಿಕ್ಕಿಬಿದ್ದರು. 27 ವರ್ಷದ ಲೆಕ್ಕ ಶುರುವಾಗುವುದು ಅವತ್ತಿನಿಂದ.

ಇನ್ನೂ ಅನುಮಾನವೇ? 1985ರಲ್ಲಿ ಅಧ್ಯಕ್ಷ ಬೋಥಾ, ‘ಹಿಂಸೆಯ ದಾರಿ ಬಿಡುತ್ತೇನೆ ಎಂದು ಹೇಳಿ, ಬಿಡುಗಡೆ ಮಾಡುತ್ತೇವೆ’ ಎಂಬರ್ಥದ ಷರತ್ತು ಇಟ್ಟರು. ಮಂಡೇಲಾ ಒಪ್ಪಲಿಲ್ಲ. ಹಿಂಸೆ ಬಿಡಬೇಕಾದದ್ದು ಮೊದಲು ನೀವು ಅಂದರು. ಅವರ ಉತ್ತರವನ್ನು ಸೊವೆಟೊದ ಸಭೆಯಲ್ಲಿ ಓದಿದ್ದು ಮಗಳು ಜಿಂಜಿ. ಅವರು ಹೊರಬಂದದ್ದು 1990ರ ಫೆಬ್ರವರಿ 11ಕ್ಕೆ. ಐದು ವರ್ಷ ಮೊದಲೇ ಬರಬಹುದಿತ್ತು.

ಯಾರೂ ಕೇಳದ ಪ್ರಶ್ನೆ ಒಂದಿದೆ, ನನಗೆ ಅದೇ ಇಷ್ಟ. ವರ್ಣಭೇದದ ದೇಶದಲ್ಲಿ ಜೈಲು ಹೇಗಿತ್ತು? ಜೈಲಿನೊಳಗೂ ವರ್ಣಭೇದವೇ. ಜೊತೆಗೆ ಶಿಕ್ಷೆಯಾದ ಡೆನಿಸ್ ಗೋಲ್ಡ್‌ಬರ್ಗ್ ಬಿಳಿಯ. ಹಾಗಾಗಿ ಅವರನ್ನು ಮಂಡೇಲಾ ಮತ್ತಿತರರನ್ನು ಇಟ್ಟ ರಾಬೆನ್ ದ್ವೀಪದ ಜೈಲಿಗೆ ಕಳಿಸದೆ ಪ್ರಿಟೋರಿಯಾದಲ್ಲೇ ಬೇರೆ ಇಟ್ಟರು. ದ್ವೀಪಕ್ಕೆ ಹೋದವರಲ್ಲಿ ಅಹ್ಮದ್ ಕತ್ರಾಡಾ ಭಾರತೀಯ ಮೂಲದವರು, ಎಲ್ಲರಿಗಿಂತ ಚಿಕ್ಕವರು, 34 ವರ್ಷ. ಅವರಿಗೆ ಬ್ರೆಡ್ ಸಿಗುತ್ತಿತ್ತು. ಕರಿಯರಿಗೆ ಬ್ರೆಡ್ ಇಲ್ಲ, ಸಕ್ಕರೆಯೂ ಕಡಿಮೆ. ಕತ್ರಾಡಾಗೆ ಉದ್ದ ಪ್ಯಾಂಟ್ ಕೊಟ್ಟರು. 45ರ ಮಂಡೇಲಾಗೆ, ಜೊತೆಗೇ ಶಿಕ್ಷೆಯಾದ 52ರ ವಾಲ್ಟರ್ ಸಿಸುಲುಗೆ ಚಡ್ಡಿ. ಬಿಳಿಯರ ಕಣ್ಣಿಗೆ ಕರಿಯ ಗಂಡಸು ಎಷ್ಟೇ ವಯಸ್ಸಾದರೂ ‘ಹುಡುಗ’ನೇ.